ಶನಿವಾರ ಸಂಜೆ ಊರು ಬಿಡುವ ನೌಕರ ಬಂಧುಗಳಿಗೆ

ವಿಷಯ: ಒಂದು ಭಾನುವಾರ ಇಲ್ಲಿಯೇ ಉಳಿಯುವ ಕುರಿತು.
ಉಲ್ಲೇಖ: ಏನೂ ಇಲ್ಲ. ಮೇಲಿನವರಾರೂ ಬರೆಸಿದ್ದಲ್ಲ.

ಮಾನ್ಯರೇ,

ಎಲ್ಲರೂ ಕ್ಷೇಮವಷ್ಟೇ? ಕಚೇರಿ ಪತ್ರದಲ್ಲಿ ಕ್ಷೇಮ ಕೇಳುವ ರೂಢಿ ಇಲ್ಲವೆಂದು ನಿಮಗೆ ಅನ್ನಿಸಬಹುದು. ಒಂದು ಕಾಲಕ್ಕೆ ಇತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆಯಲ್ಲ, ಅದು ಒಂದು ಸುತ್ತೋಲೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲ ಎಂಬಲ್ಲಿನ ಮಹಾಮಾತ್ರರಿಗೆ ಕಳಿಸಿದ್ದು. ಅದರಲ್ಲಿ ಮೊದಲು ಅಲ್ಲಿನವರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ಆ ಸುವರ್ಣಗಿರಿ ನಮ್ಮ ಮಸ್ಕಿಯೇ ಎಂದು ಕೆಲವು ವಿದ್ವಾಂಸರು, ಕನಕಗಿರಿ ಎಂದು ಇನ್ನು ಕೆಲವರು ಹೇಳುತ್ತಾರೆ. ಆಂಧ್ರದ ಜೊನ್ನಗಿರಿ ಎನ್ನುವವರೂ ಇದ್ದಾರೆ. ಅವರ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ, ಒಪ್ಪುವುದೂ ಇಲ್ಲ. ಏನೇ ಇರಲಿ, ನಮ್ಮ ಸೀಮೆಯಿಂದ ಹೊರಟ ಸರ್ಕಾರಿ ಪತ್ರಕ್ಕೆ ಇಪ್ಪತ್ತೆರಡು ಶತಮಾನದ ಹಿಂದೆ ಇದ್ದ ಮರ್ಯಾದೆಯನ್ನು ಇವತ್ತು ನಾನು ಮುಂದುವರಿಸುತ್ತಿದ್ದೇನೆ ಎಂದುಕೊಳ್ಳಿ.

ನಾನು ಸಿಂಧನೂರಿನ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಉಪವಿಭಾಗದ ಕಚೇರಿ ಲಿಂಗಸುಗೂರಿನಲ್ಲಿರುವುದರಿಂದ ಕಡತ ಹಿಡಿದು ಮಸ್ಕಿ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗಿ ಬರುವುದು ನನ್ನ ನೌಕರಿಯ ಒಂದು ಭಾಗ. ಇ-ಆಫೀಸ್ ಬಂದ ಮೇಲೂ ಕಡತಗಳು ಬಸ್ಸು ಹತ್ತುವುದನ್ನು ಪೂರ್ತಿ ಬಿಟ್ಟಿಲ್ಲ. ಹೀಗಾಗಿ ಮೂರೂ ಊರಿನ ಬಸ್ ನಿಲ್ದಾಣಗಳಲ್ಲಿ ನಿಮ್ಮನ್ನು ನೋಡಿದ್ದೇನೆ. ಶನಿವಾರ ಸಂಜೆ, ಎರಡನೇ ಮತ್ತು ನಾಲ್ಕನೇ ಶನಿವಾರವಿದ್ದರೆ ಶುಕ್ರವಾರ ಸಂಜೆಯೇ, ಹೆಗಲಿಗೆ ಬ್ಯಾಗು, ಕಿವಿಗೆ ಫೋನು. ಗಂಗಾವತಿ, ಬಳ್ಳಾರಿ, ರಾಯಚೂರು, ಕಲಬುರಗಿ, ಬಾಗಲಕೋಟೆ, ಹುಬ್ಬಳ್ಳಿ. ತಾಲ್ಲೂಕು ಕಚೇರಿಯವರು, ಬ್ಯಾಂಕಿನವರು, ಶಾಲೆ ಕಾಲೇಜಿನವರು, ನೀರಾವರಿ ಇಲಾಖೆಯವರು. ಸೋಮವಾರ ಹನ್ನೊಂದಕ್ಕೆ ಮತ್ತೆ ನಿಮ್ಮ ದರ್ಶನ.

ಬೇರೆ ಏನೋ ಊಹಿಸಬೇಡಿ. ನೌಕರರು ಕೇಂದ್ರಸ್ಥಾನದಲ್ಲಿಯೇ ವಾಸಿಸತಕ್ಕದ್ದು ಎಂಬ ಸುತ್ತೋಲೆ ವರ್ಷಕ್ಕೊಮ್ಮೆ ಬರುತ್ತದೆ, ನಾವೆಲ್ಲ ಸಹಿ ಹಾಕಿ ಅದನ್ನು ಫೈಲಿಗೆ ಸೇರಿಸುತ್ತೇವೆ. ಇದು ಆ ಸುತ್ತೋಲೆಯ ತಮ್ಮನಲ್ಲ. ನಿಮ್ಮ ಕಷ್ಟ ನನಗೆ ಗೊತ್ತಿದೆ. ಗಂಡ ಒಂದು ಜಿಲ್ಲೆ, ಹೆಂಡತಿ ಒಂದು ಜಿಲ್ಲೆ. ಮಕ್ಕಳ ಕಾಲೇಜು ಹುಬ್ಬಳ್ಳಿಯಲ್ಲಿ, ವಯಸ್ಸಾದ ತಂದೆ ಬಳ್ಳಾರಿಯಲ್ಲಿ. ಒಬ್ಬಳೇ ಹೆಣ್ಣುಮಗಳಿಗೆ ಮನೆ ಬಾಡಿಗೆಗೆ ಕೊಡಲು ನಮ್ಮ ಊರಿನವರು ಇವತ್ತಿಗೂ ಹತ್ತು ಪ್ರಶ್ನೆ ಕೇಳುತ್ತಾರೆ. ಏಪ್ರಿಲ್, ಮೇ ಬಿಸಿಲಿನ ಬಗ್ಗೆ ನಾನು ವಕಾಲತ್ತು ವಹಿಸುವುದಿಲ್ಲ. ಇವೆಲ್ಲ ಇದ್ದವರು ಹೋಗಲೇಬೇಕು, ಹೋಗಿ ಬನ್ನಿ. ನಾನು ಮಾತಾಡುತ್ತಿರುವುದು ಉಳಿದವರಿಗೆ. ‘ಇಲ್ಲಿದ್ದು ಮಾಡೋದಾದರೂ ಏನ್ರೀ, ಇಲ್ಲೇನೈತಿ?’ ಎನ್ನುವವರಿಗೆ.

2019ರಲ್ಲಿ ಸರ್ಕಾರ ನಾಲ್ಕನೇ ಶನಿವಾರವನ್ನೂ ರಜೆ ಮಾಡಿತು. ಅದರ ಬದಲಿಗೆ ನಮ್ಮ ಸಾಂದರ್ಭಿಕ ರಜೆಯನ್ನು ಹದಿನೈದರಿಂದ ಹತ್ತಕ್ಕೆ ಇಳಿಸಿತು. ಅಂದರೆ ಆ ಶನಿವಾರ ಪುಕ್ಕಟೆ ಬಂದದ್ದಲ್ಲ, ನಾವು ಕೊಟ್ಟು ಕೊಂಡದ್ದು. ಹಾಗೆ ಕೊಂಡದ್ದನ್ನು ಏನು ಮಾಡುತ್ತೇವೆ? ಆರು ತಾಸು ಬಸ್ಸಿನ ಸೀಟಿಗೆ ಕೊಡುತ್ತೇವೆ, ಭಾನುವಾರ ಮಧ್ಯಾಹ್ನ ಉಂಡು ಮಲಗುತ್ತೇವೆ, ಎದ್ದ ಕೂಡಲೇ ಸೋಮವಾರದ ಬಸ್ಸಿನ ಚಿಂತೆ. ನಡುವೆ ಬಿಡುವು ಎಂಬುದು ಎಲ್ಲಿ ಬಂತು, ಎಲ್ಲಿ ಹೋಯಿತು ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಅದೇ ಸಂಜೆ, ಅದೇ ನಿಲ್ದಾಣದಲ್ಲಿ ಊರು ಬಿಡುವ ಇನ್ನೊಂದು ಗುಂಪು ಇರುತ್ತದೆ, ಗಮನಿಸಿದ್ದೀರಾ? ಮಸ್ಕಿಯಲ್ಲೂ ಲಿಂಗಸುಗೂರಿನಲ್ಲೂ ಕತ್ತಲಾಗುತ್ತಿದ್ದಂತೆ ಬೆಂಗಳೂರಿನ ಗಾಡಿಗೆ ಕಾಯುವವರು. ಜೋಳದ ಹಿಟ್ಟಿನ ಚೀಲ, ಹಾಸಿಗೆ ಸುತ್ತು, ಒಂದು ಪ್ಲಾಸ್ಟಿಕ್ ಕೊಡ, ಮಡಿಲಲ್ಲಿ ಕೂಸು. ಇವರು ಗುಳೆ ಹೊರಟವರು. ನಾಲೆಯ ನೀರು ಮುಟ್ಟದ ಊರುಗಳ ಜನ. ಕಟ್ಟಡದ ಕೆಲಸ, ಗಾರೆ ಕೆಲಸ. ಬಂದರೆ ಯುಗಾದಿಗೋ ಮೊಹರಂಗೋ ಬರುತ್ತಾರೆ. ನಾನು ಒಬ್ಬ ಮುದುಕನನ್ನು ‘ಎಷ್ಟು ದಿನಕ್ಕ ವಾಪಸ್ ಬರ್ತೀರಿ ಕಾಕಾ?’ ಎಂದು ಕೇಳಿದ್ದೆ. ‘ಮಳಿರಾಯನ್ನ ಕೇಳಪಾ’ ಎಂದ. ಅವರ ಪಕ್ಕದಲ್ಲೇ ನಾವು ನಿಂತಿರುತ್ತೇವೆ, ಈ ನೆಲದ ಹೆಸರಿನಲ್ಲಿ ಸಂಬಳ ತೆಗೆದುಕೊಂಡು, ಮನೆ ಬಾಡಿಗೆ ಭತ್ಯೆಯನ್ನೂ ಎಣಿಸಿಕೊಂಡು. ನೆಲ ಇದ್ದವರಿಗೆ ಇಲ್ಲಿ ಉಳಿಯುವ ಆಸೆಯಿದೆ, ದಾರಿಯಿಲ್ಲ. ದಾರಿಯಿರುವ ನಮಗೆ ಆಸೆಯಿಲ್ಲ. ನಿಲ್ದಾಣದ ಧ್ವನಿವರ್ಧಕ ಇಬ್ಬರನ್ನೂ ಒಂದೇ ದನಿಯಲ್ಲಿ ಪ್ರಯಾಣಿಕರೇ ಎಂದು ಕರೆಯುತ್ತದೆ.

ಇಲ್ಲೇನಿದೆ ಎಂಬ ಪ್ರಶ್ನೆಗೆ ಪ್ರವಾಸಿ ತಾಣಗಳ ಪಟ್ಟಿ ಕೊಡಬಹುದು, ಕೊಡುವುದಿಲ್ಲ. ಒಂದು ಊರಿನಲ್ಲಿ ಏನಿರುತ್ತದೆ ಎಂಬುದು ಅಲ್ಲಿ ಸಂಜೆ ಯಾರು ಇರುತ್ತಾರೆ ಎಂಬುದರ ಮೇಲಿದೆ ಎಂದು ನನ್ನ ತಿಳಿವಳಿಕೆ. ನಮ್ಮ ಸುತ್ತ ಅದಕ್ಕೆ ಸಾಕ್ಷಿಗಳಿವೆ.

ಸಿಂಧನೂರಿನ ಹೊರಗೆ ಆರ್.ಎಚ್. ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಐದು ದಶಕಗಳ ಹಿಂದೆ ಸರ್ಕಾರ ಈ ಕಪ್ಪು ಮಣ್ಣಿಗೆ ತಂದು ಕೂರಿಸಿತು. ಮಳೆ, ನದಿ, ಮೀನಿನ ಸೀಮೆಯವರು ನಮ್ಮ ಬಿಸಿಲಿಗೆ ಬಂದಾಗ ಏನೆಂದುಕೊಂಡರೋ. ಮರಳಿ ಹೋಗಲು ಅವರಿಗೆ ಶನಿವಾರದ ಬಸ್ಸಿರಲಿಲ್ಲ. ಹಾಗಾಗಿ ಅವರು ಇಲ್ಲೇ ದುರ್ಗಾ ಪೂಜೆ ಕಟ್ಟಿದರು. ದಸರೆಯ ಹೊತ್ತಿಗೆ ಕ್ಯಾಂಪಿಗೆ ಹೋದರೆ ಪೆಂಡಾಲು, ಡೋಲು, ಮಣ್ಣಿನ ದೇವಿ. ಪಕ್ಕದ ಹಳ್ಳಿಯ ನಮ್ಮವರೂ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ನಮಶೂದ್ರರು. ಪರಿಶಿಷ್ಟ ಜಾತಿಯ ಪಟ್ಟಿಗೆ ಸೇರಿಸಿ ಎಂಬ ಅವರ ಬೇಡಿಕೆ ಹಳೆಯದು, ಪೌರತ್ವದ ತಕರಾರು ಇನ್ನೂ ಹಳೆಯದು. ಪೌರತ್ವ ತಿದ್ದುಪಡಿ ಕಾಯ್ದೆಯಡಿ 2024ರಲ್ಲಿ ಅಲ್ಲಿನ ಕೆಲವರ ಕೈಗೆ ಕಡೆಗೂ ಪ್ರಮಾಣಪತ್ರ ಬಂತು. ಕಾಗದ ಸಿಗುವ ಎಷ್ಟೋ ವರ್ಷ ಮೊದಲೇ ಈ ಊರು ತಮ್ಮದೆಂದು ಅವರು ನಡೆದುಕೊಂಡಿದ್ದರು. ನಮ್ಮಲ್ಲಿ ಕಾಗದಕ್ಕೆ ಕೊರತೆಯಿಲ್ಲ, ನೇಮಕಾತಿ ಆದೇಶದಿಂದ ಹಿಡಿದು ವರ್ಗಾವಣೆ ಆದೇಶದವರೆಗೆ.

ಆಂಧ್ರದಿಂದ ಬಂದವರ ಕತೆಯೂ ಇಂಥದ್ದೇ. 1953ರಲ್ಲಿ ತುಂಗಭದ್ರಾ ಜಲಾಶಯ ಮುಗಿದು ಎಡದಂಡೆ ನಾಲೆಯಲ್ಲಿ ನೀರು ಬಂದಾಗ, ಆ ನೀರನ್ನು ಏನು ಮಾಡಬೇಕೆಂದು ನಮ್ಮ ಜೋಳದ ರೈತರಿಗೆ ಹೊಳೆಯುವ ಮೊದಲೇ ಕರಾವಳಿ ಆಂಧ್ರದ ಭತ್ತದ ರೈತರಿಗೆ ಹೊಳೆಯಿತು. ಅಲ್ಲಿ ಒಂದೆಕರೆ ಮಾರಿ ಇಲ್ಲಿ ಹಲವು ಎಕರೆ ಕೊಂಡು ಬಂದರು. ಸಿಂಧನೂರು, ಗಂಗಾವತಿ ಕಡೆ ಊರಿನ ಹೆಸರಿನ ಹಿಂದೆ ‘ಕ್ಯಾಂಪ್’ ಅಂಟಿಕೊಂಡಿದ್ದು ಹೀಗೆ. ಎಪ್ಪತ್ತು ವರ್ಷದ ಮೇಲಾದರೂ ಅವು ಕ್ಯಾಂಪುಗಳೇ. ಒಳಗೆ ಹೋಗಿ ನೋಡಿದರೆ ಆರ್‌ಸಿಸಿ ಮನೆ, ರಾಮನ ಗುಡಿ, ಶಾಲೆ, ರೈಸ್ ಮಿಲ್ಲು. ಅವರ ಬರವಿನಿಂದ ಭೂಮಿ ಕಳೆದುಕೊಂಡ ನಮ್ಮ ಸಣ್ಣ ರೈತರ ಲೆಕ್ಕ ಬೇರೆ ಇದೆ, ಅದನ್ನು ಮರೆಯಬಾರದು. ನಾನು ಹೇಳುವುದು ಇಷ್ಟೇ: ಕ್ಯಾಂಪ್ ಎಂದು ಹೆಸರಿಟ್ಟುಕೊಂಡವರು ನೆಲೆ ನಿಂತರು, ‘ಖಾಯಂ’ ಎಂದು ಸೇವಾ ಪುಸ್ತಕದಲ್ಲಿ ಬರೆಸಿಕೊಂಡ ನಾವು ಕ್ಯಾಂಪಿನಲ್ಲಿದ್ದೇವೆ.

ಚಿನ್ನದ ಗಣಿಯ ಹಟ್ಟಿಗೆ ಹೋಗಿ ನೋಡಿ. 1947ರಲ್ಲಿ ನಿಜಾಮನ ಕಾಲಕ್ಕೆ ಶುರುವಾದ ಕಂಪನಿ ಅದು. ಮೂರು ಪಾಳಿಯಲ್ಲಿ ಕೆಲಸ. ಭೂಮಿಯೊಳಗೆ ಇಳಿದು ಬಂದವನು ರಾತ್ರಿ ಬಸ್ಸು ಹಿಡಿದು ಎಲ್ಲಿಗೂ ಹೋಗಲಾರ, ಮಾರನೆಯ ದಿನ ಮತ್ತೆ ಇಳಿಯಬೇಕು. ಹಾಗಾಗಿ ಅವರಿಗೆ ವಸತಿ ಬೇಕಾಯಿತು, ಆಸ್ಪತ್ರೆ ಬೇಕಾಯಿತು, ಮಕ್ಕಳಿಗೆ ಶಾಲೆ ಬೇಕಾಯಿತು, ಕೇಳಿ ಪಡೆದರು. ಇದಕ್ಕೆ ತದ್ವಿರುದ್ಧ ಲಿಂಗಸುಗೂರಿನ ಕತೆ. ಅದು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು, ಗೊತ್ತೇ? ನಿಜಾಮನ ಆಡಳಿತದಲ್ಲಿ, 1905ರವರೆಗೆ. ದಂಡೂ ಇತ್ತು, ದೊರೆಗಳೂ ಇದ್ದರು. ಜಿಲ್ಲೆ ಹೋಯಿತು, ಕಚೇರಿಗಳು ಎದ್ದು ರಾಯಚೂರಿಗೆ ನಡೆದವು, ಊರು ಮತ್ತೆ ತಾಲ್ಲೂಕಾಯಿತು. ಕಚೇರಿ ಬಂದರೆ ಊರು ಬೆಳೆಯುತ್ತದೆ ಎಂದು ಹೋರಾಟ ಮಾಡುವ ನಮ್ಮ ಜನ ಈ ಹಳೆಯ ಕತೆಯನ್ನು ಒಮ್ಮೆ ಓದಬೇಕು. ಮಸ್ಕಿಯೂ ಈಗ ತಾಲ್ಲೂಕಾಗಿದೆ. 2018ರಿಂದ ಕಚೇರಿಗಳ ಬೋರ್ಡು ಒಂದೊಂದಾಗಿ ಏರಿದವು. ಬೋರ್ಡಿನ ಕೆಳಗೆ ಕೂರುವವರು ಐದೂವರೆಯ ಮೇಲೆ ಎಲ್ಲಿರುತ್ತಾರೆ?

ಸಂಜೆ ಏಳರವರೆಗೆ ಗ್ರಂಥಾಲಯ ತೆಗೆದಿರಲಿ ಎಂದು ಕೇಳಲು ಸಂಜೆ ಏಳಕ್ಕೆ ಊರಿನಲ್ಲಿ ಓದುವವನೊಬ್ಬ ಇರಬೇಕು. ಪಾರ್ಕಿನ ದೀಪ ಹೋಗಿದೆ ಎಂದು ಅರ್ಜಿ ಕೊಡಲು ಪಾರ್ಕಿಗೆ ಹೋಗುವವನಿರಬೇಕು. ಜಾತ್ರೆಗೆ ಬಂದ ನಾಟಕ ಕಂಪನಿ ಡೇರೆ ಕಿತ್ತುಕೊಂಡು ಬೇಗ ಹೊರಟರೆ ಕಲೆ ಸತ್ತಿತು ಎಂದು ನಾವು ಪತ್ರಿಕೆಗೆ ಬರೆಯುತ್ತೇವೆ, ಟಿಕೆಟ್ ಕೊಂಡವರ ಪೈಕಿ ಸಂಬಳದವರು ಎಷ್ಟು ಎಂದು ಯಾರೂ ಎಣಿಸುವುದಿಲ್ಲ. ನಮ್ಮ ಸಂಬಳದ ಬಹುಪಾಲು ಬೇರೆ ಊರಿನ ಅಂಗಡಿಗೆ ಹೋಗುತ್ತದೆ, ಅದು ಸಣ್ಣ ಮಾತು. ನಮ್ಮ ಬೇಸರ ಕೂಡ ಬೇರೆ ಊರಿಗೆ ಹೋಗುತ್ತದಲ್ಲ, ಅದು ದೊಡ್ಡ ನಷ್ಟ. ಬೇಸರಪಟ್ಟವರು ಇಲ್ಲೇ ಇದ್ದಿದ್ದರೆ ಅದನ್ನು ಕಳೆಯಲು ಏನಾದರೂ ಮಾಡುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು. 2024ರ ಆಗಸ್ಟ್ 10. ಎರಡನೇ ಶನಿವಾರ. ರಾತ್ರಿ ತುಂಗಭದ್ರಾ ಜಲಾಶಯದ ಹತ್ತೊಂಬತ್ತನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಭಾನುವಾರ ಬೆಳಗ್ಗೆ ಸಿಂಧನೂರಿನ ಚಾದ ಅಂಗಡಿಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. ಗದ್ದೆಗಳಲ್ಲಿ ನಾಟಿ ನಡೆದಿತ್ತು, ಸಾಲ ತಂದು ಗೊಬ್ಬರ ಹಾಕಿದವರಿದ್ದರು. ಡ್ಯಾಂ ಖಾಲಿಯಾದರೆ ನಮ್ಮ ನಾಲೆಯ ಗತಿಯೇನು ಎಂಬ ಒಂದೇ ಮಾತು. ಎಡದಂಡೆ ನಾಲೆಯ ಉದ್ದ 227 ಕಿಲೋಮೀಟರ್. ಅದರ ತುದಿಯವನಿಗೆ ನೀರು ಮುಟ್ಟುವುದೇ ಒಳ್ಳೆಯ ವರ್ಷದಲ್ಲೂ ಜಗಳ, ಅಂಥದರಲ್ಲಿ ಗೇಟೇ ಹೋಗಿದೆ. ಹಮಾಲರು, ಭತ್ತದ ದಲ್ಲಾಳಿಗಳು, ಟ್ರ್ಯಾಕ್ಟರ್ ಚಾಲಕರು, ಕಳೆ ತೆಗೆಯಲು ಟಂಟಂ ಹತ್ತಬೇಕಿದ್ದ ಹೆಣ್ಣುಮಕ್ಕಳು, ಎಲ್ಲರೂ ಫೋನಿನಲ್ಲಿ ಅದೇ ವಿಡಿಯೊ ನೋಡುತ್ತಿದ್ದರು. ಒಬ್ಬಾಕೆ ನನ್ನನ್ನು ಕೇಳಿದಳು, ‘ಸಾಹೇಬರ, ಗೇಟ್ ಬಂದ್ ಮಾಡಾಕ ಬರಂಗಿಲ್ಲೇನ್ರಿ?’ ಸಾಹೇಬ ಎಂದು ಆಕೆ ಕರೆದದ್ದು ನನ್ನ ಹುದ್ದೆಗಲ್ಲ, ಇಸ್ತ್ರಿ ಅಂಗಿಗೆ. ಆದರೆ ಅವತ್ತು ಆ ಅಂಗಡಿಯಲ್ಲಿ ಇಸ್ತ್ರಿ ಅಂಗಿಯವನು ನಾನೊಬ್ಬನೇ. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿದ್ದವರೆಲ್ಲ ತಂತಮ್ಮ ಊರುಗಳಲ್ಲಿ ಟಿ.ವಿ. ಮುಂದಿದ್ದರು. ಆ ವಾರವೇ ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರ ಉಸ್ತುವಾರಿಯಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಊರು ಉಸಿರಾಡಿತು. ನಡುವೆ ಸೋಮವಾರ ಬಂದ ನೀವು ಪತ್ರಿಕೆಯಲ್ಲಿ ಓದಿದ್ದನ್ನೇ ನಮಗೆ ಹೇಳಿದಿರಿ. ಭಾನುವಾರದ ಆ ಅಂಗಡಿಯಲ್ಲಿ ಒಂದು ತಾಸು ಕುಳಿತಿದ್ದವನಿಗೆ, ಆಮೇಲೆ ಬೆಳೆ ಪರಿಹಾರದ ಅರ್ಜಿಯ ಮೇಲೆ ‘ದಾಖಲೆ ಅಪೂರ್ಣ’ ಎಂದು ಬರೆಯುವಾಗ ಕೈ ಕೊಂಚ ತಡೆಯುತ್ತದೆ.

ಬಿಡುವಿನ ಮಾತಿಗೆ ಬಂದರೆ, ನಮ್ಮ ಜನ ಅದನ್ನು ಎಲ್ಲಿಂದ ತೆಗೆಯುತ್ತಾರೆ ನೋಡಬೇಕು. ಕೂಲಿಯವರಿಗೆ ಎರಡನೇ ಶನಿವಾರ ಇಲ್ಲ. ಅವರ ಕ್ಯಾಲೆಂಡರಿನಲ್ಲಿ ಇರುವುದು ಅಮಾವಾಸ್ಯೆ, ಹುಣ್ಣಿಮೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಹುಣ್ಣಿಮೆಗೆ ಹುಲಿಗಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ‘ಫ್ರೀ ಅಂತ ಸುಮ್ಮನ ತಿರಗ್ತಾರ’ ಎಂದು ನಮ್ಮಲ್ಲಿ ಕೆಲವರು ಗೊಣಗುವುದನ್ನು ನಾನು ಕೇಳಿದ್ದೇನೆ. ತಿರುಗಲಿ ಬಿಡಿ. ವರ್ಷವಿಡೀ ಬೇರೆಯವರ ಗದ್ದೆಯಲ್ಲಿ ಬಗ್ಗಿದ ಹೆಣ್ಣುಮಗಳು ಹುಲಿಗೆಮ್ಮನ ನೆಪದಲ್ಲಿ ಗೆಳತಿಯರ ಜೊತೆ ಕಿಟಕಿ ಪಕ್ಕ ಕುಳಿತು ಹೊಳೆ ನೋಡಿ ಬಂದರೆ ಅದು ಸುಮ್ಮನೆ ತಿರುಗುವುದೇ ಆಗಿರಲಿ. ನಾವು ಎಲ್.ಟಿ.ಸಿ. ಪಡೆದು ಊಟಿಗೆ ಹೋಗುವುದು ಇನ್ನೇನು?

ಎಳ್ಳು ಅಮಾವಾಸ್ಯೆಗೆ ಲಿಂಗಸುಗೂರು, ಮಸ್ಕಿ ಕಡೆಯ ಎರಿ ಹೊಲಗಳಿಗೆ ಹೋಗಿ. ಎದೆಮಟ್ಟ ನಿಂತ ಬಿಳಿಜೋಳದ ನಡುವೆ ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಕೂತಿರುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ದಾರಿಯಲ್ಲಿ ಹೋಗುವವನನ್ನು ಕರೆದು ಕೂರಿಸಿ ಉಣಿಸದೆ ಕಳಿಸಿದ್ದನ್ನು ನಾನು ಕಂಡಿಲ್ಲ. ನವರಾತ್ರಿಯಲ್ಲಿ ಊರೂರಿಗೆ ದೇವಿ ಪುರಾಣ ಹಚ್ಚುತ್ತಾರೆ. ಅದನ್ನು ಬರೆದ ಚಿದಾನಂದಾವಧೂತರ ನೆಲೆ ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಸಿದ್ಧಪರ್ವತ, ನಾವು ಅಂಬಾಮಠ ಎನ್ನುವ ಜಾಗ. ಉತ್ತರ ಕರ್ನಾಟಕದ ಅರ್ಧದಷ್ಟು ಊರುಗಳ ಒಂಬತ್ತು ರಾತ್ರಿಗಳನ್ನು ತುಂಬುವ ಪುಸ್ತಕ ನಮ್ಮ ತಾಲ್ಲೂಕಿನದು, ದಸರಾ ರಜೆಗೆ ಊರಿಗೆ ಹೋದ ನಿಮಗೆ ಅದು ಅಲ್ಲಿಯ ಮೈಕಿನಲ್ಲಿ ಕೇಳಿಸುತ್ತದೆ.

ಮುದಗಲ್ಲಿನ ಮೊಹರಂ ಕೂಡ ಹಾಗೆಯೇ ನಿಮ್ಮ ಕೈ ತಪ್ಪುತ್ತದೆ. ಅಲಾಯಿ ದೇವರು ಹೊರಡುವ ರಾತ್ರಿ ಆ ಕೋಟೆ ಊರಿನಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ಕೇಳುವವನೇ ಹೊರಗಿನವನು. ಹೆಜ್ಜೆ ಮೇಳ, ಕನ್ನಡದಲ್ಲಿ ಹಾಡುವ ರಿವಾಯತ್ ಪದ, ಹರಕೆ ಹೊತ್ತು ಫಕೀರರಾದ ಲಿಂಗಾಯತರ ಹುಡುಗರು. ಗುಳೆ ಹೋದವರು ಇದಕ್ಕೆಂದೇ ಬೆಂಗಳೂರಿನಿಂದ, ಮುಂಬಯಿಯಿಂದ ಬರುತ್ತಾರೆ. ಅವತ್ತು ಸರ್ಕಾರಿ ರಜೆ. ಅವರು ಇಳಿದ ಬಸ್ಸನ್ನೇ ನಾವು ಹತ್ತುತ್ತೇವೆ.

ಇನ್ನು ಮಸ್ಕಿ. ದಿನವೂ ಹಾಯುತ್ತೀರಿ, ಅಶೋಕನ ಶಾಸನದ ಫಲಕವನ್ನೂ ನೋಡುತ್ತೀರಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಬಂದವನು ಈ ಅಕ್ಷರಗಳನ್ನು ಕಂಡ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳನ್ನಷ್ಟೇ ಹೇಳಿಕೊಂಡ ದೊರೆಯ ಹೆಸರು ಅಶೋಕ ಎಂಬುದು ಕಲ್ಲಿನ ಮೇಲೆ ಮೊದಲು ಖಾತ್ರಿಯಾದದ್ದು ಇಲ್ಲಿ. ಇಷ್ಟು ಎಸ್.ಡಿ.ಎ. ಪರೀಕ್ಷೆಗೆ ಓದಿ ಎಲ್ಲರಿಗೂ ಗೊತ್ತು. ಪರೀಕ್ಷೆಗೆ ಬಾರದ ಮಾತು ಬೇರೆ ಇದೆ. ಧರ್ಮಾಚರಣೆಯ ಶ್ರೇಯಸ್ಸು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬೇಡಿ, ಸಣ್ಣವನೂ ಶ್ರಮಿಸಿದರೆ ಪಡೆಯಬಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಬಡ್ತಿ ಪಟ್ಟಿಯಲ್ಲಿ ಹೆಸರು ಹುಡುಕಿ ಸುಸ್ತಾದ ನನ್ನಂಥ ಗುಮಾಸ್ತನಿಗೆ ಅದು ತನಗೇ ಬರೆದ ಹಾಗೆ ಕೇಳಿತು. ಬ್ರಹ್ಮಗಿರಿಯ ಪ್ರತಿಯಲ್ಲಿ ಇನ್ನೂ ಎರಡು ವಿಷಯಗಳಿವೆ. ಒಂದು, 256 ಎಂಬ ಸಂಖ್ಯೆ. ದೊರೆ ಅರಮನೆ ಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಓದಿದ್ದಾರೆ. 256 ರಾತ್ರಿ ಮುಕ್ಕಾಂ! ಟಿ.ಎ. ಬಿಲ್ಲು ಯಾರು ಪಾಸು ಮಾಡಿದರೋ. ಇನ್ನೊಂದು, ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಸಹಿ. ಕರ್ನಾಟಕದಲ್ಲಿ ನಮಗೆ ಹೆಸರು ಗೊತ್ತಿರುವ ಮೊದಲ ಗುಮಾಸ್ತ. ಲಿಪಿಕಾರ ಎಂಬ ಶಬ್ದವನ್ನು ಅವನು ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ, ಅಂದರೆ ದೂರದಿಂದ ವರ್ಗವಾಗಿ ಬಂದವನೇ ಇರಬೇಕು ಎಂದು ನನ್ನ ಗುಮಾನಿ. ಅವನಿಗೆ ಶನಿವಾರದ ಬಸ್ಸು ಇದ್ದಿದ್ದರೆ ಸಹಿ ಹಾಕುವಷ್ಟು ಹೊತ್ತು ಆ ಬಂಡೆಯ ಹತ್ತಿರ ನಿಲ್ಲುತ್ತಿದ್ದನೇ?

ಈಗ ಸಿಂಧನೂರಿಗೆ ರೈಲೂ ಬಂದಿದೆ. 1997-98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ 2024ರಲ್ಲಿ ನಮ್ಮೂರು ಮುಟ್ಟಿತು. ಎರಡೂವರೆ ದಶಕ ಕಾದ ಊರು ಹೂವಿನ ಹಾರ ಹಾಕಿ ಎಂಜಿನ್ ಬರಮಾಡಿಕೊಂಡಿತು. ನಿಮ್ಮಲ್ಲೊಬ್ಬರು ನನಗೆ ಹೇಳಿದ ಮೊದಲ ಮಾತು, ‘ಛಲೋ ಆತ್ರಿ, ಇನ್ನ ಹುಬ್ಬಳ್ಳಿಗೆ ಹೋಗೋದು ಸಸಾರ.’ ಬರುವುದೂ ಸಸಾರ ಎಂದು ನಾನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಸಾಹೇಬರು ಕರೆದರು.

ಕೋರಿಕೆ ಇಷ್ಟೇ. ಬರುವ ನಾಲ್ಕನೇ ಶನಿವಾರ ಯಾರು ಯಾರು ಉಳಿಯುತ್ತೀರೋ, ಮರುದಿನ ಭಾನುವಾರ ಮಸ್ಕಿ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಆರೂವರೆಗೆ ಸೇರೋಣ. ತಡ ಮಾಡಬೇಡಿ, ಒಂಬತ್ತರ ಮೇಲೆ ಬಂಡೆ ಕಾದು ನಿಲ್ಲಗೊಡುವುದಿಲ್ಲ. ಮೊದಲು ಶಾಸನ, ಆಮೇಲೆ ಮಲ್ಲಿಕಾರ್ಜುನನ ಬೆಟ್ಟ. ಏರಲಾಗದವರು ಕೆಳಗೆ ಕುಳಿತು ಹರಟೆ ಹೊಡೆಯಬಹುದು, ಅದಕ್ಕೂ ಹಾಜರಿ ಸಿಗುತ್ತದೆ. ಮನೆಯವರು, ಮಕ್ಕಳು ಬಂದರೆ ಇನ್ನೂ ಒಳ್ಳೆಯದು. ಇಳಿದ ಮೇಲೆ ಮಂಡಾಳ ಒಗ್ಗರಣಿ, ಬಿಸಿ ಮಿರ್ಚಿ, ಚಾ. ಖರ್ಚು ನನ್ನದು. ಟಿ.ಎ. ಬಿಲ್ಲು ಮಾತ್ರ ಯಾರೂ ಬರೆಯುವಂತಿಲ್ಲ.

ಇಂತಿ ನಿಮ್ಮವ,
ಪ್ರಥಮ ದರ್ಜೆ ಸಹಾಯಕನೊಬ್ಬ, ಸಿಂಧನೂರು

ಪ್ರತಿ: ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಸಮಸ್ತ ನೌಕರ ಬಂಧುಗಳಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.